ಅಡುಗೆಮನೆಯ ಕೆಮ್ಮು

ನಮ್ಮ ಕಡೆಯ ಹಳೆಯ ದಂಪತಿಗಳು ಪರಸ್ಪರ ಹೆಸರು ಹಿಡಿದು ಕರೆಯುವುದಿಲ್ಲವೆಂಬುದು ನಿಮಗೆ ತಿಳಿದದ್ದೇ. ಬೆಟಗೇರಿಯ ನಮ್ಮ ಮನೆಯಲ್ಲಿ ಆ ಕೆಲಸವನ್ನು ಕೆಮ್ಮು ನಿರ್ವಹಿಸುತ್ತದೆ. ಪಡಸಾಲೆಯಲ್ಲಿ ನಾನು ಯಾರೊಡನೆಯೋ ಹರಟುತ್ತ ಕುಳಿತಾಗ ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಗಿರಿಜವ್ವ ಒಮ್ಮೆ ಕೆಮ್ಮಿದರೆ ಚಹಾ ಸಿದ್ಧವೆಂದರ್ಥ. ಎರಡು ಸಲ ಕೆಮ್ಮಿದರೆ, ಬಂದವರನ್ನು ಊಟಕ್ಕೆ ನಿಲ್ಲಿಸಬೇಡಿರೆಂದು ತಾತ್ಪರ್ಯ. ನಾನು ಇತಿಹಾಸದ ನಿವೃತ್ತ ಮಾಸ್ತರ. ಲಕ್ಷ್ಮೇಶ್ವರದ ಶಾಸನಗಳ ಸವೆದ ಅಕ್ಷರಗಳನ್ನು ಓದಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

ನನ್ನ ಸ್ವಂತ ಕೆಮ್ಮಿನ ವಿಷಯದಲ್ಲಿ ಮಾತ್ರ ನಾನು ವಿದ್ವಾಂಸನಲ್ಲ, ರೋಗಿ. ಸಿಗರೇಟಿಗೆ ಸಲ್ಲಿಸಿದ ದೀರ್ಘ ಸೇವೆಯ ಫಲವಾಗಿ, ವಾಸಿಯಾಗದ ಶ್ವಾಸಕೋಶದ ಕಾಯಿಲೆಯೊಂದು ಪಿಂಚಣಿಯ ಜೊತೆಯಲ್ಲೇ ಮಂಜೂರಾಯಿತು. ಗದಗಿನ ನಮ್ಮ ಡಾಕ್ಟರರು ಉಸಿರಿನ ಬಲ ಅಳೆಯಲು ಕೊಳವೆ ಊದಿಸಿದ್ದು ಸಾಲದೆಂದು ಆಗಾಗ ರಕ್ತ ತೆಗೆಸಿ ಸಿಆರ್‌ಪಿ ಎಂಬ ಅಂಶವನ್ನು ನೋಡುತ್ತಾರೆ. ದೇಹದಲ್ಲಿ ಉರಿಯೂತವಿದ್ದರೆ ಅದು ಏರುತ್ತದಂತೆ. ಎಲ್ಲಿ, ಏಕೆ ಎಂಬುದನ್ನು ಮಾತ್ರ ಹೇಳುವುದಿಲ್ಲವಂತೆ. ನಮ್ಮ ಓಣಿಯಲ್ಲೂ ಅಂಥ ಸುದ್ದಿಗಾರರಿದ್ದಾರೆ.

ಕಡಿಮೆ ಅಂಕ ಪಡೆದವನೇ ಉತ್ತೀರ್ಣನಾಗುವ ಈ ವಿಚಿತ್ರ ಪರೀಕ್ಷೆಗೆ ನಾನು ಅರಿಷಿಣದ ಹಾಲು ಕುಡಿದು, ಹಸಿಮೆಣಸಿನಕಾಯಿಗೆ ರಜೆ ಕೊಟ್ಟು, ಶ್ರದ್ಧೆಯಿಂದ ಸಿದ್ಧನಾಗುತ್ತಿದ್ದೆ. ಕಳೆದ ಸಲ ಅಂಶ ಇಳಿದಿತ್ತು. ಡಾಕ್ಟರರು ಅದನ್ನು ವಿವರಿಸುತ್ತಿರುವಾಗಲೇ ಹೊರಗಿನ ಬೆಂಚಿನಿಂದ ಗಿರಿಜವ್ವನ ಕೆಮ್ಮು ಕೇಳಿಸಿತು. ನಾನು ಎದ್ದು ನಿಂತೆ. ಮನೆಯವರು ಕರೆಯುತ್ತಿದ್ದಾರೆ, ಬಸ್ಸಿಗೆ ಹೊತ್ತಾಗಿರಬೇಕು ಎಂದೆ.

ಡಾಕ್ಟರರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

“ಅವರು ಕರಿಯಾಕತ್ತಿಲ್ಲರಿ ಸರ, ಕೆಮ್ಮಾಕತ್ತಾರ. ಒಳಗ ಕರಕೊಂಡು ಬರ್ರಿ.”

ಒಳಗೆ ಬಂದವಳನ್ನು, ಎಷ್ಟು ದಿನದಿಂದ, ಯಾಕೆ ಹೇಳಲಿಲ್ಲ ಎಂದೆಲ್ಲ ವಿಚಾರಿಸಿದರು. ಹೋದ ವರ್ಷದ ಮಳೆಗಾಲದಿಂದ ಎಂದಳು. ಮುಂದಿನದನ್ನು ನನ್ನತ್ತ ನೋಡದೆ ಹೇಳಿದಳು.

“ನಾ ಕೆಮ್ಮಿದಾಗೊಮ್ಮೆ ಇವರು ಎದ್ದು ಬಂದು ನಿಂದರತಿದ್ರು. ಎದ್ದು ಬಂದವರನ್ನ ಹಂಗ ಹೆಂಗ ಕಳಸೂದಂತ ಚಾ ಕೊಟ್ಟು ಕಳಸತಿದ್ನಿ.”

ಆ ವರ್ಷ ನಾನು ಕುಡಿದ ವಿಪರೀತ ಚಹಾಕ್ಕೆ ಕಾರಣ ತಿಳಿಯಿತು. ಅಸುಂಡಿಯ ಅವಳ ತವರಿನಲ್ಲಿ ಹತ್ತಿಕಟ್ಟಿಗೆಯ ಒಲೆ, ನಮ್ಮಲ್ಲಿಗೆ ಬಂದ ಮೇಲೂ ಬಹುಕಾಲ ಅದೇ ಒಲೆ. ಸಿಗರೇಟು ಮುಟ್ಟದವಳು ನನಗಿಂತ ಹೆಚ್ಚು ಹೊಗೆ ನುಂಗಿದ್ದಳು. ಅವಳ ರಕ್ತವನ್ನೂ ತೆಗೆಸಿ ನೋಡಿದರೆ ಆ ಅಂಶ ನನ್ನದಕ್ಕಿಂತ ಮೇಲಿತ್ತು. ರಕ್ತವೊಂದನ್ನೇ ನಂಬಲಾಗದೆಂದು ಡಾಕ್ಟರರು ಕೊಳವೆಯನ್ನೂ ಊದಿಸಿದರು. ಅವಳದೂ ನನ್ನದೇ ಕಾಯಿಲೆ, ನನಗಿಂತ ಮುಂದುವರಿದದ್ದು. ನನಗೆ ನಿಜವಾಗಿ ಹೆದರಿಕೆಯಾಯಿತು. ಶಾಸನವನ್ನು ತಪ್ಪಾಗಿ ಓದಿದರೆ ಇನ್ನೊಬ್ಬ ವಿದ್ವಾಂಸ ಬಂದು ತಿದ್ದುತ್ತಾನೆ, ಕಲ್ಲು ಅಲ್ಲಿಯವರೆಗೆ ಕಾಯುತ್ತದೆ. ಇವಳು ಎಷ್ಟು ಕಾಯಬಲ್ಲಳೆಂದು ಯಾರೂ ನನಗೆ ಹೇಳಲಿಲ್ಲ.

ಈಗ ಪಡಸಾಲೆಯ ಗೋಡೆಯ ಮಾಡದಲ್ಲಿ ಇಬ್ಬರ ಔಷಧ ಎಳೆದುಕೊಳ್ಳುವ ಪಂಪುಗಳೂ ಅಕ್ಕಪಕ್ಕ ಕೂತಿವೆ. ಕೆಮ್ಮನ್ನು ಕಾಯಿಲೆಗೇ ಬಿಟ್ಟುಕೊಟ್ಟು, ಕರೆಯಬೇಕಾದಾಗ ಊಟದ ಗಂಗಾಳಕ್ಕೆ ಚಮಚ ಬಡಿಯಬೇಕೆಂದು ಅವಳಿಗೆ ಹೇಳಿದ್ದೇನೆ. ಹೆಸರು ಹಿಡಿದು ಕರೆಯೆಂದಿದ್ದಕ್ಕೆ ನಕ್ಕಳು, ಚಮಚಕ್ಕೆ ಒಪ್ಪಿದಳು.

ನಿನ್ನೆ ಸ್ನೇಹಿತರೊಬ್ಬರು ಬಂದು ಮಾಗಡಿ ಕೆರೆಗೆ ಇಳಿದಿರುವ ಹಕ್ಕಿಗಳನ್ನು ಬಣ್ಣಿಸುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಚಮಚದ ಸದ್ದಿಗಾಗಿ ಕಾದೆ, ಬರಲಿಲ್ಲ. ಹಕ್ಕಿಗಳನ್ನು ಅರ್ಧಕ್ಕೇ ಬಿಟ್ಟು ಮಾಡದಿಂದ ಅವಳ ಪಂಪು ತೆಗೆದುಕೊಂಡು ಒಳಗೆ ಹೋದೆ. ಅವಳು ಒಲೆಯ ಕಟ್ಟೆ ಹಿಡಿದು ನಿಂತಿದ್ದಳು.

“ನಾ ಚಮಚಾ ಬಡದಿಲ್ಲಲ್ರಿ, ಯಾಕ ಬಂದ್ರಿ?” ಎಂದಳು.

“ಬಡಿಲಿಲ್ಲಲ್ಲ, ಅದಕ್ಕ ಬಂದ್ನಿ,” ಎಂದೆ.