ಪಟ್ಟಿಯ ಕೊನೆಯ ‘ಇತರೆ’

ಅಡುಗೆಮನೆಯಿಂದ ಶೇಂಗಾ ಹುರಿದ ವಾಸನೆ ಬರುತ್ತಿರುವಾಗಲೇ ಮೊಬೈಲಿಗೊಂದು ಸಂದೇಶ ಬಂತು: ‘ನಿಮ್ಮ ಕುಟುಂಬದ ವಿವರ ಸರಿಯಾಗಿದೆಯೇ? ಹೌದು / ಇಲ್ಲ.’ ತೆರೆದು ನೋಡಿದೆ. ಅಪ್ಪ ಯಜಮಾನ, ಅವ್ವ ಹೆಂಡತಿ, ನಾನು ಮಗ. ಕೊನೆಯ ಸಾಲಿನಲ್ಲಿ ನಮ್ಮ ಆಯಿ, ಅವಳ ಹೆಸರಿನ ಎದುರಿಗೆ ‘ಇತರೆ’. ಐದು ವರ್ಷದ ಹಳೆಯ ಸಿಟ್ಟು ಮತ್ತೆ ನೆತ್ತಿಗೇರಿತು.

ನಿಮಗೆ ನಮ್ಮ ಮನೆಯ ಸಂಬಂಧವನ್ನು ಮೊದಲು ಹೇಳಬೇಕು. ಆಯಿ ಎಂದರೆ ನನ್ನ ಅವ್ವನ ತಾಯಿ. ಅಪ್ಪನ ಒಡಹುಟ್ಟಿದ ಅಕ್ಕನೂ ಅವಳೇ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮೂರು ಸೂಡಿಯ ಕಡೆ ದೊಡ್ಡ ಸುದ್ದಿಯೇನಲ್ಲ. ಹಾಗಾಗಿ ಆಯಿ ಅಳಿಯನೆದುರು ಮರ್ಯಾದೆಯಿಂದ ಸೆರಗು ಹೊದೆಯುತ್ತಾಳೆ. ಅವನು ಊಟಕ್ಕೆ ತಡಮಾಡಿ ಬಂದರೆ ಅದೇ ಸೆರಗಿನೊಳಗಿಂದ ಕೈ ಚಾಚಿ ತಮ್ಮನ ಕಿವಿ ಹಿಂಡುತ್ತಾಳೆ. ನಾಗರಪಂಚಮಿಗೆ ಅಕ್ಕನಾಗಿ ತಮ್ಮನಿಗೆ ಶೇಂಗಾದ ಉಂಡಿ ಕಟ್ಟುತ್ತಾಳೆ, ದೀಪಾವಳಿಗೆ ಅತ್ತೆಯಾಗಿ ಧೋತರ ಉಡಿಸುತ್ತಾಳೆ. ಚಿಕ್ಕಂದಿನಲ್ಲಿ ನಾನೂ ಕೂಡಿ ಕಳೆದು, ಅವ್ವ ನನಗೆ ಅತ್ತೆಯ ಮಗಳೂ ಹೌದೆಂದು ಸಾಲೆಯಲ್ಲಿ ಹೇಳಿ ನಗೆಪಾಟಲಾಗಿದ್ದೆ.

ಆಯಿಯ ಕಣ್ಣಿಗೆ ಪೊರೆ ಬಂದಾಗ ಆಪರೇಷನ್ನಿಗೆ ಕುಟುಂಬದ ಕಾರ್ಡು ಬೇಕೆಂದರು. ಅವಳನ್ನು ಕರೆದುಕೊಂಡು ಗಜೇಂದ್ರಗಡದಲ್ಲಿ ಕಾರ್ಡು ಮಾಡುವಲ್ಲಿಗೆ ಹೋದರೆ ಅವಳ ಹೆಸರನ್ನೇ ತಡೆಹಿಡಿಯಲಾಗಿತ್ತು. ಸರಕಾರದ ಕಡೆಯಿಂದ ವಿವರ ಬರೆದುಕೊಳ್ಳಲು ಮನೆಗೆ ಬಂದವರಿಗೆ ಮೊದಲ ಸಲ ಅಪ್ಪ ‘ನಮ್ಮಕ್ಕ’ ಎಂದಿದ್ದ. ಎರಡನೆಯ ಸಲ ಅಪ್ಪ ಹೊಲದಲ್ಲಿದ್ದ. ಅವ್ವ ‘ಯಜಮಾನರ ಅತ್ತಿ’ ಎಂದಿದ್ದಳು. ಇಬ್ಬರೂ ನಿಜ ಹೇಳಿದ್ದೇ ತಪ್ಪಾಯಿತು.

“ಅಕ್ಕ ಇದ್ದಾಕಿ ಅತ್ತಿ ಆಗಾಕ ಬರೂದಿಲ್ಲ ಅಂತ ಕಂಪ್ಯೂಟರ್ ತಾನ ತೀರ್ಮಾನ ಮಾಡೇತ್ರಿ,” ಎಂದಳು ಅಲ್ಲಿ ಕೂತಿದ್ದ ಹೆಣ್ಣುಮಗಳು. “ನಮ್ಮ ಮನ್ಯಾಗೂ ಹಿಂಗ ಐತ್ರಿ. ಆದ್ರ ಒಬ್ಬರಿಗೆ ಒಂದ ಸಂಬಂಧ ಹಾಕಾಕ ಜಾಗಾ ಐತಿ.”

“ಇವರಪ್ಪ ಹುಟ್ಟಿದ ದಿನ ಅಕ್ಕ ಆದೆ, ಅವನ ಲಗ್ನದ ದಿನ ಅತ್ತಿ ಆದೆ,” ಎಂದಳು ಆಯಿ. “ಯಾವುದನ್ನ ಬಿಡ್ಲಿವಾ?”

ಯಂತ್ರಕ್ಕೆ ಬೈದು ಪ್ರಯೋಜನವಿಲ್ಲ. ಹೇಳಿಕೊಟ್ಟದ್ದನ್ನೇ ಅದು ಹೇಳುತ್ತದೆ. ಹೇಳಿಕೊಟ್ಟವರು ಯಾರು? ಎಲ್ಲೋ ಕೂತು, ಕುಟುಂಬ ಎಂದರೆ ಇಷ್ಟೇ ಎಂದು ಪಟ್ಟಿ ಬರೆದವರು ಒಂದು ದಿನವಾದರೂ ನಮ್ಮ ಕಟ್ಟೆಗೆ ಬಂದು ಕೂತಿದ್ದರೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಷ್ಟು ಮರ್ಯಾದೆಯನ್ನಾದರೂ ಅದಕ್ಕೆ ಕಲಿಸಬಾರದಿತ್ತೇ? ತಮ್ಮ ಪಟ್ಟಿ ಸಣ್ಣದಾದರೆ ಅದು ನಮ್ಮ ತಪ್ಪು ಹೇಗಾಗುತ್ತದೆ?

ಇಷ್ಟೆಲ್ಲ ಮಾತು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಅಲ್ಲಿ ಇದ್ದದ್ದು ಅವಸರವೊಂದೇ. ಎರಡರಲ್ಲಿ ಒಂದನ್ನು ಅಳಿಸಲು ರೋಣದ ಕಚೇರಿಯ ಒಪ್ಪಿಗೆ ಬೇಕು, ಆಪರೇಷನ್ನು ನಾಡಿದ್ದು. ‘ಇತರೆ’ ಎಂದು ಹಾಕಿದರೆ ಕಾರ್ಡು ಕೂಡಲೇ ಸಿಗುತ್ತದಂತೆ. ಹಾಕಿ ಎಂದೆ.

“ಏನಂತ ಹಾಕಿಸಿದಿ?” ದಾರಿಯಲ್ಲಿ ಆಯಿ ಕೇಳಿದಳು.

“ಎರಡೂ ಹಾಕಸೀನಿ, ಆಯಿ.”

ಆಪರೇಷನ್ನು ಚೆನ್ನಾಗಿಯೇ ಆಯಿತು. ಆಯಿ ಮೂರನೆಯ ಇಯತ್ತೆಯವರೆಗೆ ಕಲಿತವಳೆಂಬುದು ನನಗೆ ಮರೆತೇಹೋಗಿತ್ತು. ಕಣ್ಣು ತಿಳಿಯಾದ ಮೇಲೆ ಅವಳು ಕೈಗೆತ್ತಿಕೊಂಡದ್ದು ಆ ಕಾರ್ಡನ್ನೇ. ಒಂದೊಂದೇ ಅಕ್ಷರ ಕೂಡಿಸಿ ಓದಿ, “ಇತರೆ ಅಂದ್ರ ಹೊರಗಿನವರ ಏನೋ?” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ಸಂದೇಶ ಪ್ರತಿ ವರ್ಷವೂ ಬರುತ್ತದೆ. ಪಟ್ಟಿ ಬರೆದವರ ಮೇಲೆ ಹರಿಹಾಯುವ ನಾನು ಪ್ರತಿ ವರ್ಷವೂ, ರೋಣದ ತಿರುಗಾಟ ಯಾರಿಗೆ ಬೇಕೆಂದು, ‘ಹೌದು’ ಒತ್ತಿ ಚಹಾ ಕುಡಿದಿದ್ದೇನೆ. ಇಂದು ‘ಇಲ್ಲ’ ಒತ್ತಿದೆ. ಕಚೇರಿಗೆ ಖುದ್ದಾಗಿ ಬನ್ನಿ ಎಂದಿತು.

“ಆಯಿ, ರೋಣಕ್ಕ ಹೋಗೂಣು. ಕಾರ್ಡಿನ್ಯಾಗ ಎರಡೂ ಬರಸೂತನಕ ಎದ್ದ ಬರೂದಿಲ್ಲ.”

ಅವಳು ಕೈಯಲ್ಲಿದ್ದ ಪಂಚಮಿಯ ಉಂಡಿಯನ್ನು ದುಂಡಗೆ ಒತ್ತಿದಳು. “ತಡಿ, ತಮ್ಮಗ ಇದನ್ನ ಕೊಟ್ಟ ಬರ್ತೀನಿ,” ಎಂದು ಎದ್ದು, ಅಪ್ಪ ಕೂತಿದ್ದ ಪಡಸಾಲೆಗೆ ಕಾಲಿಡುವ ಮುನ್ನ ಸೆರಗು ಹೊದ್ದುಕೊಂಡಳು.