ತವರುಮನೆಗೆ ಮೂರನೆಯ ಎಲೆ

ಇಸ್ಪೀಟು ಅಂದರೆ ಮೂಗು ಮುರಿಯುವವರು ಬಹಳ. ಅವರೆದುರು ನಾನು ಎದೆಯುಬ್ಬಿಸಿಯೇ ಹೇಳುತ್ತೇನೆ, ನಾನು ಶಿಕ್ಷಕಿಯಾದದ್ದರಲ್ಲಿ ಒಂದು ಇಸ್ಪೀಟಿನ ಆಟದ ಪಾಲಿದೆ ಎಂದು. ದೂರದೇಶದ ಜೂಜುಮನೆಗಳಲ್ಲಿ ಸೂಟುಬೂಟಿನವರು ಆಡುವ ಬ್ಯಾಕರಾ ಅದು. ನಾವು ಆಡಿದ್ದು ತಿಕೋಟಾದ ನಮ್ಮ ಪಡಸಾಲೆಯಲ್ಲಿ, ಕಂಬಳಿ ಹಾಸಿ, ಕೊಬ್ಬರಿ ಪಣಕ್ಕಿಟ್ಟು.

ಅರವತ್ತರ ದಶಕದ ಆರಂಭ. ನನ್ನನ್ನು ಬಬಲೇಶ್ವರಕ್ಕೆ ಕೊಟ್ಟು ವರ್ಷವಾಗಿತ್ತು. ವಿಜಾಪುರದಲ್ಲಿ ಶಿಕ್ಷಕಿಯರ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಎರಡು ವರ್ಷ ಅಲ್ಲೇ ಇದ್ದು ಓದಬೇಕು. ಗಂಡ ಹೂಂ ಅಂದಿದ್ದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಮನೆಯಲ್ಲಿ ಅವರ ಮಾತು ದಾಟುವವರು ಯಾರೂ ಇರಲಿಲ್ಲ. ಪಂಚಮಿಗೆ ತವರಿಗೆ ಬಂದಿದ್ದ ನನ್ನನ್ನು ಕರೆದೊಯ್ಯಲು ಹಬ್ಬದ ಮರುದಿನ ಅತ್ತೆಯೇ ಬಸ್ಸಿನಿಂದ ಇಳಿದರು. ಅವರ ಜೊತೆ ಹೊರಟುಬಿಟ್ಟರೆ ಟ್ರೇನಿಂಗಿನ ಆಸೆ ಮುಗಿದಂತೆಯೇ.

ಪಡಸಾಲೆಯಲ್ಲಿ ಆಗಲೇ ಆಟ ರಂಗೇರಿತ್ತು. ನಮ್ಮಲ್ಲಿ ಪಂಚಮಿಗೆ ಹೆಣ್ಣುಮಕ್ಕಳು ಜೋಕಾಲಿ ಆಡುವಷ್ಟೇ ಸಲೀಸಾಗಿ ಇಸ್ಪೀಟನ್ನೂ ಆಡುತ್ತಿದ್ದರು. ಎಲೆ ಹಂಚುತ್ತಿದ್ದವನು ನನ್ನ ಸೋದರಮಾವ. ಮುಂಬಯಿಯಿಂದ ಹೊರಡುವ ಹಡಗುಗಳಲ್ಲಿ ಅಡುಗೆಯವನಾಗಿ ಊರೂರು ತಿರುಗಿ, ಯಾವುದೋ ಬಂದರಿನಲ್ಲಿ ಈ ಆಟ ಕಲಿತು ಬಂದಿದ್ದ.

"ಎರಡು ಕೈ. ಕೈಗೆ ಎರಡೆರಡು ಎಲಿ. ಒಂಬತ್ತರ ಹತ್ತಿರ ಬಂದ ಕೈ ಗೆದ್ದಂಗ. ಹತ್ತು ದಾಟಿದ್ರ ಹತ್ತು ಬಿಟ್ಟು ಉಳಿದದ್ದು ಹಿಡೀಬೇಕು. ರಾಜಾ, ರಾಣಿ, ಗುಲಾಮ, ಎಲ್ಲಾ ಸೊನ್ನಿ," ಎಂದು ಅವನು ಕಲಿಸಿದ.

"ರಾಜಾನೂ ಸೊನ್ನಿ ಏನೋ ತಮ್ಮಾ? ಬೇಷಾತು," ಎಂದಳು ಅವ್ವ.

ಅವ್ವನಿಗೆ ಆಟ ಹಿಡಿಸಿದ್ದು ಅಲ್ಲಿಂದಲೇ. ಜಾಣತನ ತೋರಿಸಿ ಇನ್ನೊಬ್ಬರನ್ನು ಸೋಲಿಸುವ ಆಟ ಇದಲ್ಲ. ಯಾವ ಕೈ ಗೆಲ್ಲುತ್ತದೆಂದು ಪಣ ಇಟ್ಟು ಉಸಿರು ಬಿಗಿಹಿಡಿದು ಕೂಡುವುದಷ್ಟೇ. ಮಾವ ಎಲೆಯ ಮೂಲೆಯನ್ನು ನಿಧಾನಕ್ಕೆ ಎತ್ತುವಾಗ ಅಜ್ಜಿಗೂ ಮೊಮ್ಮಗಳಿಗೂ ಒಂದೇ ಕಾತರ. ಆದರೆ ಎರಡು ಕೈಗಳಿಗಿದ್ದ 'ಪ್ಲೇಯರ್', 'ಬ್ಯಾಂಕರ್' ಎಂಬ ಹೆಸರು ನಮ್ಮವರ ಬಾಯಿಗೆ ಹತ್ತಲಿಲ್ಲ. ಅವ್ವ ಒಂದು ಕೈಗೆ ತವರುಮನೆ, ಇನ್ನೊಂದಕ್ಕೆ ಅತ್ತೆಮನೆ ಎಂದು ಹೆಸರಿಟ್ಟಳು. ಅಲ್ಲಿಗೆ ಮಾವನ ಆಟ ಕೆಟ್ಟಿತು. ಎಲ್ಲರ ಕೊಬ್ಬರಿಯೂ ತವರುಮನೆಯ ಮೇಲೆಯೇ ಬೀಳತೊಡಗಿತು; ಆ ಕೈ ಗೆದ್ದರೆ ಎಲ್ಲರಿಗೂ ಅವನೇ ತೆರಬೇಕು. "ಹಿಂಗಾದ್ರ ನಾ ದಿವಾಳಿ," ಎಂದು ಗೊಣಗುತ್ತಲೇ ಅವನು ಎಲೆ ಹಂಚುತ್ತಿದ್ದ.

ಅತ್ತೆ ಬಂದು ಕೂತದ್ದೇ ತಡ, ಎಲ್ಲರ ಕೈ ಗಕ್ಕನೆ ನಿಂತಿತು. ಬೀಗಿತಿಯ ಎದುರು ತವರುಮನೆಗೆ ಪಣ ಇಡುವುದು ಹೇಗೆ? ಅವ್ವ ತನ್ನ ಕೊಬ್ಬರಿಯನ್ನು ಮೆಲ್ಲಗೆ ಅತ್ತೆಮನೆಯ ಕಡೆ ಸರಿಸಿದಳು. ಚಿಗವ್ವನೂ ಹಾಗೇ ಮಾಡಿದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇದೇನು ನಾಟಕ ಅನಿಸಿ ಇಡೀ ಕೊಬ್ಬರಿ ಬಟ್ಟಲನ್ನೇ ತವರುಮನೆಯ ಮೇಲಿಟ್ಟೆ. ಅವ್ವ ನನ್ನ ತೊಡೆ ಚಿವುಟಿದಳು.

ಅತ್ತೆ ನನ್ನನ್ನು ದಿಟ್ಟಿಸಿದರು. ಆಮೇಲೆ, ಬಂದಾಗ ಅವ್ವ ಕೊಟ್ಟಿದ್ದ ಕೊಬ್ಬರಿ ಬಟ್ಟಲು ಎತ್ತಿ ನನ್ನದರ ಪಕ್ಕದಲ್ಲಿಟ್ಟರು.

"ನಾ ಏನು ಗಂಡನ ಮನ್ಯಾಗ ಹುಟ್ಟೀನೇನು?"

ಪಡಸಾಲೆಯೆಲ್ಲ ನಕ್ಕಿತು. ಮಾವ ಎಲೆ ತೆರೆದ. ಅತ್ತೆಮನೆಗೆ ರಾಣಿ ಮತ್ತು ಏಳು, ಅಂದರೆ ಏಳು. ತವರುಮನೆಗೆ ಗುಲಾಮ ಮತ್ತು ಮೂರು, ಬರೀ ಮೂರು. ಅವನು ಮತ್ತೊಂದು ಎಲೆಗೆ ಕೈ ಹಾಕಿದಾಗ ಅತ್ತೆ ಕೇಳಿದರು.

"ಯಾಕ ತಮ್ಮಾ, ಇದಕ್ಕ ಇನ್ನೊಂದು ಕೊಡ್ತಿಯೇನು?"

"ಹೌದ್ರಿ ಅಕ್ಕಾರ. ಸಣ್ಣ ಕೈಗೆ ಇನ್ನೊಂದು ಎಲಿ ಕೊಡಲೇಬೇಕು. ಅದು ಆಟದ ನೇಮ."

"ಯಾರೂ ಕೇಳೂದು ಬ್ಯಾಡ?"

"ಕೇಳೂದೂ ಬ್ಯಾಡ, ಯಾರೂ ಒಲ್ಲೆ ಅನ್ನಂಗೂ ಇಲ್ಲ."

ಅತ್ತೆ ಆ ಮೂರರ ಎಲೆಯ ಮೇಲೆ ಬೆರಳಿಟ್ಟರು. "ನನ್ನ ತವರು ಕಾಖಂಡಕಿಯೊಳಗ ಎರಡನೇ ಕ್ಲಾಸಿಗೇ ನನ್ನ ಸಾಲಿ ಬಿಡಿಸಿದ್ರು. ಅಂಥಾ ನೇಮ ನಮಗ ಯಾರೂ ಹೇಳಲಿಲ್ಲ," ಎಂದರು. ಅವರು ಶಾಲೆಗೆ ಹೋಗಿದ್ದರೆಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಬಂದ ಎಲೆ ರಾಜಾ. ಸೊನ್ನೆ. ಇಬ್ಬರ ಬಟ್ಟಲೂ ಹೋದವು.

"ಹೋಗ್ಲಿ ಬಿಡು," ಎಂದು ಅತ್ತೆ ಸೆರಗು ಕೊಡವಿ ಎದ್ದರು. "ಕೊಟ್ಟು ನೋಡಿದ್ರಲ್ಲ, ಅಷ್ಟು ಸಾಕು. ಬೀಗ್ತಿ, ಈಕೀನ ನಾ ಕರ್ಕೊಂಡು ಹೋಗಂಗಿಲ್ಲ. ಇಲ್ಲಿಂದಲೇ ವಿಜಾಪುರಕ್ಕ ಕಳಸ್ರಿ. ಎರಡು ವರ್ಷ ಹೋದ್ರ ಹೋಗ್ಲಿ."

ನಾನು ಅವರ ಕಾಲಿಗೆ ಬಿದ್ದೆ. ಅಳು ಬಂತು.

ಮಧ್ಯಾಹ್ನ ಅವರನ್ನು ಬಸ್ಸಿಗೆ ಹತ್ತಿಸಲು ಹೋದೆ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸು, ಸೊಸೆಯನ್ನು ಯಾಕೆ ಬಿಟ್ಟುಹೋಗುತ್ತಿದ್ದೀರಿ ಎಂದು ಕೇಳಿದಳು. ಅತ್ತೆ ಇಡೀ ಬಸ್ಸಿಗೆ ಕೇಳುವ ಹಾಗೆ ಉತ್ತರಿಸಿದರು.

"ನಮ್ಮ ಸೊಸಿ ಸಾಲಿ ಅಕ್ಕೋರ ಆಗಾಕತ್ತಾಳ್ರಿ."