ಹದಿಮೂರನೆಯ ಚೌಕ

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿ ಕೂತಿದ್ದೆ. ಯಾರೋ ಪುಣ್ಯಾತ್ಮರು ನನ್ನ ಮುಂದಿನ ಸೀಟಿನ ಕೆಳಗೆ ಒಂದು ಗೋಣಿಚೀಲ ತುರುಕಿದ್ದರು. ಬಸ್ಸು ಹೊರಟು ಐದು ನಿಮಿಷವಾಗಿರಲಿಲ್ಲ, ಆ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುಗಳ ವಾಸನೆ. ಕೋಳಿ ಸಾಕುವವರು ಅದನ್ನು ಮೇವಿಗೆಂದು ಕೊಂಡೊಯ್ಯುತ್ತಾರೆ. ಹಳಸಿದ ಬೇಳೆ, ಒದ್ದೆ ಗೋಣಿ, ಕೆಟ್ಟ ಮೊಟ್ಟೆ... ಏನೇನು ಸೇರಿಸಿದರೂ ಅದನ್ನು ಸರಿಯಾಗಿ ಹೇಳಿದಂತಾಗುವುದಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ವೇಲಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ನನ್ನ ಬ್ಯಾಗಿನೊಳಗಿನ ಪೆನ್‌ಡ್ರೈವ್‌ನಲ್ಲಿ ಇದಕ್ಕಿಂತ ಹೇಸಿಗೆಯದೊಂದು ಇತ್ತು.

ಶಿಡ್ಲಘಟ್ಟದಲ್ಲಿ ನಾವಿದ್ದಾಗ ನಮ್ಮ ಎದುರುಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಬೀದಿಯ ಕೊನೆಯ ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನ ಬಟ್ಟಲಿನ ಮುಂದೆ ದಿನವಿಡೀ ಕೂತು, ಗೂಡುಗಳ ಮಧ್ಯೆ ಬೆರಳಾಡಿಸಿ, ಎಳೆಗಳ ತುದಿ ಹಿಡಿದು ಮೇಲಕ್ಕೆತ್ತುವುದು. ಅವರ ಬೆರಳುಗಳು ಬೆಳ್ಳಗೆ ನೆನೆದು, ಸುಕ್ಕುಗಟ್ಟಿ, ಉಗುರಿನ ಬುಡ ಕೊಳೆತಂತಿರುತ್ತಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಮ್ಮೆಯೂ ಮೊದಲ ಸಲಕ್ಕೆ ಒಪ್ಪಿಕೊಂಡಿದ್ದಿಲ್ಲ. ಸಂಜೆ ಅವರು ನಮ್ಮ ಮನೆಗೆ ಬಂದರೆ ನಾನು ಏನೋ ನೆವ ಹೇಳಿ ಒಳಗೆ ಹೋಗುತ್ತಿದ್ದೆ. ಅವರು ಕೊಟ್ಟ ಚಕ್ಕುಲಿಯನ್ನು ಅಮ್ಮನ ಕಣ್ಣು ತಪ್ಪಿಸಿ ಚರಂಡಿಗೆ ಎಸೆದದ್ದೂ ಉಂಟು. ಹುಟ್ಟಿದೂರಿನ ವಾಸನೆಗೆ ಅಷ್ಟು ನಾಚುತ್ತಿದ್ದೆ ನಾನು.

ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುವಾಗ ನಾವು ನಾಲ್ವರು ಸೇರಿ ಒಂದು ಥ್ರಿಲ್ಲರ್ ಕಿರುಚಿತ್ರ ಮಾಡಲು ಹೊರಟೆವು. ಕಾಲೇಜುಗಳ ನಡುವೆ ಸ್ಪರ್ಧೆಯಿತ್ತು. ಡೈರೆಕ್ಟರು ಗೌರಿಬಿದನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸಹಪಾಠಿ. ಬಾಡಿಗೆ ಕ್ಯಾಮೆರಾ ಕೈಗೆ ಬರುವ ಮೊದಲೇ ಅವನ ನಡಿಗೆ ಬದಲಾಗಿತ್ತು. ನನ್ನ ಕೆಲಸ ಒಂದೊಂದು ಶಾಟನ್ನೂ ಚೌಕದೊಳಗೆ ಚಿತ್ರ ಬರೆದು ಕೊಡುವುದು. ಮೊದಲ ಎರಡು ನಿಮಿಷ ಮಾತಿರಬಾರದು, ನೋಡುವವರಿಗೆ ಹೊಟ್ಟೆ ತೊಳಸಬೇಕು ಎಂದು ಡೈರೆಕ್ಟರು ಅಪ್ಪಣೆ ಕೊಡಿಸಿದ್ದ. ಕಳವಾರದ ಬೆಟ್ಟದ ಮೇಲೆ ಮೋಡದಲ್ಲಿ ಯಾರೋ ಓಡುವುದು ಎಂದು ಒಬ್ಬ ಹೇಳಿದ. ಎಲ್ಲರೂ ಅದನ್ನೇ ತೆಗೀತಾರೆ, ಬೇಡ ಎಂದಾಯಿತು. ಅಂಬಾಜಿದುರ್ಗದ ಬಂಡೆ ಸಂದಿಯಲ್ಲಿ ಹೆಣ ಎಂದರು. ಅದೂ ಬಿದ್ದುಹೋಯಿತು. ವಾರ ಕಳೆದರೂ ಮೊದಲ ಚೌಕ ಖಾಲಿಯೇ ಇತ್ತು.

ಆಗ ನಾನು ಬಾಯಿಬಿಟ್ಟೆ. ನಮ್ಮ ಊರಲ್ಲಿ ಒಂದು ಶೆಡ್ಡಿದೆ, ಅಲ್ಲೊಂದು ಜೊತೆ ಕೈಗಳಿವೆ ಎಂದೆ. ಮೂರು ವರ್ಷ ಯಾವ ವಾಸನೆಯನ್ನು ಗೆಳೆಯರಿಂದ ಬಚ್ಚಿಟ್ಟಿದ್ದೆನೋ ಅದನ್ನೇ ಒಂದು ಶಭಾಷ್‌ಗಿರಿಗಾಗಿ ಮಾರಿದೆ.

ಶೆಡ್ಡಿನ ಬಾಗಿಲಲ್ಲೇ ಡೈರೆಕ್ಟರು ವಾಕರಿಸಿದ. ಕಣ್ಣೊರೆಸಿಕೊಂಡು ಅಕ್ಕನ ಕೈ ನೋಡಿದವನೇ, "ಸೂಪರ್ ಕಣೇ! ಹೆಣದ ಕೈ ಥರಾನೇ ಇದೆ" ಎಂದು ನನ್ನ ಕಿವಿಯಲ್ಲಿ ಹೇಳಿದ. ಅಲ್ಲೇ ಗೂಡಿನ ಮೂಟೆಗಳ ಮೇಲೆ ಕೂತು ಹನ್ನೆರಡು ಚೌಕ ತುಂಬಿಸಿದೆವು. ಹಬೆ. ಕುದಿಯುವ ಸದ್ದು. ತೇಲುವ ಕಂದು ಹುಳುಗಳು. ನೀರಿನಿಂದ ಏಳುವ ಬೆರಳು. ಉಗುರು. ಮತ್ತೆ ಉಗುರು, ಇನ್ನೂ ಹತ್ತಿರದಿಂದ... ಅಕ್ಕ ಕೆಲಸ ಬಿಟ್ಟು ಬಂದು ನನ್ನ ಬೆನ್ನ ಹಿಂದೆ ನಿಂತರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ನಮ್ಮದು ಚಿತ್ರದ ಕಾಗದ. ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಕೊನೆಯವರೆಗೂ ನೋಡಿದರು.

"ಎಲ್ಲಾ ಕೈಯೇ ಆಯ್ತಲ್ಲಮ್ಮ. ನನ್ನ ಮುಖ ಯಾವುದ್ರಾಗೆ ಬರ್ತದೆ?"

ಡೈರೆಕ್ಟರು ನನ್ನ ಮುಖ ನೋಡಿದ. ನಾನು ಪೆನ್ಸಿಲ್ ತೆಗೆದುಕೊಂಡು ಹದಿಮೂರನೆಯ ಚೌಕ ಎಳೆದೆ. ಅದರೊಳಗೆ ಒಂದು ದುಂಡು ಮುಖ, ಎರಡು ಕಣ್ಣು, ಹಣೆಗೆ ಬೊಟ್ಟು ಬರೆದೆ. "ಕೊನೇಗೆ ಬರುತ್ತೆ ಅಕ್ಕ" ಎಂದೆ. ಅವರು ಆ ಚೌಕವನ್ನು ಬಹಳ ಹೊತ್ತು ನೋಡಿದರು. ರಾತ್ರಿ ಮನೆಯಲ್ಲಿ ರಬ್ಬರಿನಿಂದ ಅದನ್ನು ಅಳಿಸಿದೆ. ಏನೂ ಅನ್ನಿಸಲಿಲ್ಲ, ಊಟ ಮಾಡಿ ಮಲಗಿದೆ.

ಶೂಟಿಂಗ್ ಭಾನುವಾರ ಮಧ್ಯಾಹ್ನ. ಮೊದಲು ಕೈ ತೆಗೀತೀವಿ ಎಂದು ನಾವು ಹೇಳಿದ್ದನ್ನು ಅಕ್ಕ ಮನಸ್ಸಿಗೆ ಹಚ್ಚಿಕೊಂಡಿದ್ದರು. ಬೆರಳು ಸರಿಹೋಗಲೆಂದು ನಾಲ್ಕು ದಿನ ಕೆಲಸಕ್ಕೆ ರಜೆ ಹಾಕಿ, ಮೂರೂ ಹೊತ್ತು ಕೊಬ್ಬರಿ ಎಣ್ಣೆ ತಿಕ್ಕಿದ್ದರು. ಶೆಡ್ಡಿನಲ್ಲಿ ಪಕ್ಕದ ಬಟ್ಟಲಿನ ಮುಂದೆ ಕೂರುತ್ತಿದ್ದ, ಎಲ್ಲರೂ ಚಾಚಿ ಎನ್ನುತ್ತಿದ್ದ ಹೆಂಗಸಿನಿಂದ ಎರಡೂ ಕೈಗೆ ಮೆಹಂದಿ ಹಾಕಿಸಿಕೊಂಡಿದ್ದರು. ಬಳ್ಳಿ, ಎಲೆ, ಅಂಗೈ ನಡುವೆ ಒಂದು ನವಿಲು. ಉಗುರಿಗೆ ಕೆಂಪು ಬಣ್ಣ. ಕೈ ಮುಂದೆ ಹಿಡಿದು, "ಹೆಂಗಿದೆ?" ಎಂದು ನಕ್ಕರು. ಹೊಸದಾಗಿ ಮದುವೆಯಾದವಳ ಕೈಯಂತಿತ್ತು.

"ಹಾಳಾಯ್ತು" ಎಂದ ಡೈರೆಕ್ಟರು. ಕ್ಯಾಮೆರಾ ಸಂಜೆಗೆ ವಾಪಸ್ಸು ಕೊಡಬೇಕಿತ್ತು. "ನೀನು ಹುಡುಗಿ, ನೀನೇ ತೊಳೆಸು. ಒಳ್ಳೇದ್ರಲ್ಲಿ ಹೇಳು" ಎಂದು ನನ್ನ ಕೈಗೆ ತೆಂಗಿನ ನಾರು ಕೊಟ್ಟ.

ನಾನು ತೊಳೆಸಿದೆ. ಬಿಸಿನೀರಿಗೆ ಬಟ್ಟೆ ಸೋಡ ಸುರಿದು, ನಾರಿನಿಂದ ತಿಕ್ಕಿದೆ. ಉಗುರಿನ ಬಣ್ಣವನ್ನು ಬ್ಲೇಡಿನಿಂದ ಹೆರೆದೆ. ನವಿಲು ಹೋಗಲೊಲ್ಲದು, ಮತ್ತೆ ತಿಕ್ಕಿದೆ. ನಾಲ್ಕು ದಿನದಲ್ಲಿ ಮೂಡಿದ್ದ ಎಳೆ ಚರ್ಮ ಸುಲಿದು ಬಂತು. ಅಕ್ಕ ಒಮ್ಮೆ ಮಾತ್ರ ಕೈ ಹಿಂದಕ್ಕೆಳೆದುಕೊಂಡರು. "ಪರ್ವಾಲೇದಮ್ಮ, ಉಜ್ಜು" ಎಂದು ಅವರೇ ಮತ್ತೆ ಮುಂದಿಟ್ಟರು. ಅರ್ಧ ಗಂಟೆಯ ಮೇಲೆ ಆ ಕೈ ಹೇಗಾಗಿತ್ತೆಂದರೆ, ಅಲ್ಲಲ್ಲಿ ರಕ್ತ ಜಿನುಗಿ, ಉಳಿದ ಮೆಹಂದಿ ಕಲೆ ಒಣಗಿದ ರಕ್ತದಂತೆ ಕಾಣುತ್ತಿತ್ತು. ಡೈರೆಕ್ಟರು ನೋಡಿ ಕುಣಿದ. ಕತೆಗೆ ಇದೇ ಬೇಕಿತ್ತು ಎಂದ. ಅದೇ ಕೈಯನ್ನು ಬಿಸಿನೀರಿನಲ್ಲಿ ಹನ್ನೆರಡು ಸಲ ಮುಳುಗಿಸಿ ಎತ್ತಿಸಿದೆವು. ಥೂ... ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿದೆ. ಆ ದಿನ ಬರಲಿಲ್ಲ. ಆ ದಿನ ನಾನು ಸತ್ತ ಹುಳುಗಳ ವಾಸನೆಗೆ ಮೂಗಿಗೆ ಕರ್ಚೀಫ್ ಕಟ್ಟಿಕೊಂಡಿದ್ದೆ.

ಕಾಲೇಜಿನ ಹಾಲ್‌ನಲ್ಲಿ ಚಿತ್ರ ತೋರಿಸಿದ ದಿನ ಅಕ್ಕ ಚಾಚಿಯನ್ನೂ ಕರೆದುಕೊಂಡು ಬಂದರು. ಮೊದಲ ಕೈ ನೀರಿನಿಂದ ಎದ್ದಿದ್ದೇ ತಡ, ಹಾಲ್ ತುಂಬ "ಛೀ", "ಥೂ", "ಯಪ್ಪಾ" ಎಂಬ ಕೂಗು. ಮುಂದಿನ ಸಾಲಿನ ಹುಡುಗಿಯರು ಕಣ್ಣು ಮುಚ್ಚಿಕೊಂಡರು. ನಾವು ನಾಲ್ವರೂ ಕತ್ತಲಲ್ಲಿ ಕೈಕೈ ತಟ್ಟಿಕೊಂಡೆವು. ನಮಗೆ ಎರಡನೆಯ ಬಹುಮಾನ ಬಂತು. ಪರದೆಯ ಮೇಲೆ ಹೆಸರುಗಳೆಲ್ಲ ಹೋಗಿ, ದೀಪ ಹತ್ತಿ, ಜನ ಎದ್ದರೂ ಅಕ್ಕ ಪರದೆಯನ್ನೇ ನೋಡುತ್ತ ಕೂತಿದ್ದರು. ನಾನು ಹತ್ತಿರ ಹೋದೆ.

"ಮುಖ ಬಂತೇನಮ್ಮ? ನಾನು ಕಣ್ಣು ಮಿಟುಕಿಸಿದಾಗ ಹೋಗ್ಬಿಡ್ತೇನೋ..."

"ಹೌದಕ್ಕ, ಬಂತು. ಒಂದೇ ಒಂದು ಸೆಕೆಂಡು. ತುಂಬಾ ಚೆನ್ನಾಗಿ ಬಂದಿದೀರ."

ಅಕ್ಕ ಚಾಚಿಯ ಕಡೆ ತಿರುಗಿದರು. ಚಾಚಿ ನನ್ನನ್ನೇ ನೋಡಿದರು. ಆಮೇಲೆ ಅಕ್ಕ ಸೆರಗಿನೊಳಗೆ ಕೈ ಸುತ್ತಿಕೊಂಡು ಎದ್ದು ನಿಂತರು. ಅದಾದ ಮೇಲೆ ಅವರ ಕೈಗಳನ್ನು ನಾನು ಸೆರಗಿನ ಹೊರಗೆ ಕಂಡ ನೆನಪಿಲ್ಲ.

ವರ್ಷಗಳಾದವು. ನಾವು ಮನೆಯವರೆಲ್ಲ ಚಿಕ್ಕಬಳ್ಳಾಪುರಕ್ಕೆ ಬಂದೆವು. ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಡೈರೆಕ್ಟರು ಈಗ ಕಳವಾರದ ಬೆಟ್ಟದ ಮೋಡದಲ್ಲಿ ಮದುವೆ ಜೋಡಿಗಳ ವಿಡಿಯೊ ತೆಗೆಯುತ್ತಾನೆ. ಹದಿನೈದು ದಿನದ ಹಿಂದೆ ಅಕ್ಕನ ಮಗಳು ಫೋನ್ ಮಾಡಿದಳು. ಉಬ್ಬಸ ಜಾಸ್ತಿಯಾಗಿ ಅಕ್ಕ ಹೋಗಿಬಿಟ್ಟಿದ್ದರು.

"ಫೋಟೊಗೆ ಕಟ್ಟು ಹಾಕಿಸ್ಬೇಕು ಅಕ್ಕ. ಫೋನಲ್ಲಿ ಬೇಕಾದಷ್ಟಿವೆ, ಅಮ್ಮಂಗೆ ಅದ್ಯಾವುದೂ ಬೇಡ್ವಂತೆ. ಸಿನಿಮಾದಲ್ಲಿ ನನ್ನ ಮುಖ ಬಂದಿದೆ, ಅದನ್ನೇ ಹಾಕಿಸು ಅಂತ ಹೇಳಿಹೋಗಿದಾರೆ. ಬೊಟ್ಟು ಇಟ್ಕೊಂಡು ನಗ್ತಾ ಇದೀನಿ, ನೋಡಿದೀನಿ ಅಂತಿದ್ರು. ಅದನ್ನ ತೆಗೆದುಕೊಡ್ತೀರಾ?"

ಆಯಿತು ಎಂದೆ. ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ಒಂದೊಂದು ತುಣುಕನ್ನೂ ನೋಡಿದೆ. ಎಲ್ಲಾದರೂ ಕ್ಯಾಮೆರಾ ತಪ್ಪಿ ಮೇಲಕ್ಕೆದ್ದಿರಬಹುದು, ಅರ್ಧ ಕೆನ್ನೆ, ಒಂದು ಕಿವಿಯೋಲೆ... ಇರಲಿಲ್ಲ. ನಾವು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆವು. ಕೊನೆಯ ತುಣುಕಿನಲ್ಲಿ ಕೈಗಳಿಂದ ಬಟ್ಟಲಿನ ಅಂಚಿಗೆ ನೀರು ತೊಟ್ಟಿಕ್ಕುತ್ತಿತ್ತು. ಚೌಕಟ್ಟಿನ ಹೊರಗಿನಿಂದ ಅಕ್ಕನ ದನಿ ಕೇಳಿತು: "ಮುಖ ಈಗ ತಗೀತೀರೇನಮ್ಮ?" ಅದರ ಹಿಂದೆಯೇ ನನ್ನ ದನಿ: "ಆಮೇಲಕ್ಕ."

ಅದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಮೊನ್ನೆ ಹೊರಟಿದ್ದು. ಶೆಡ್ಡಿನ ವಾಸನೆ ಬೀದಿಯಲ್ಲಿ ಹಾಗೇ ಇತ್ತು. ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದಳು. ನಾನು ಕೂರಲೂ ಇಲ್ಲ, ಎಲ್ಲವನ್ನೂ ಹೇಳಿದೆ. ಮುಖ ತೆಗೆಯಲೇ ಇಲ್ಲ, ಬರೆದು ಅಳಿಸಿದೆ, ಹಾಲ್‌ನಲ್ಲಿ ಸುಳ್ಳು ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಖಾಲಿ ಮೊಳೆಯನ್ನೇ ನೋಡುತ್ತ ಕೇಳಿದಳು:

"ಹಂಗಾದ್ರೆ ಅಮ್ಮ ಇಷ್ಟು ವರ್ಷ ನೋಡಿದೀನಿ ಅಂತಿದ್ದಿದ್ದು ಯಾರನ್ನ ಅಕ್ಕ?"

ನಾನು ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಕಿಟಕಿಯಲ್ಲಿಟ್ಟೆ. ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದಳು. ತೆಗೆದುಕೊಳ್ಳುವಾಗ ಅವಳ ಬೆರಳುಗಳನ್ನು ನೋಡಿದೆ. ಬೆಳ್ಳಗೆ ನೆನೆದು, ಸುಕ್ಕುಗಟ್ಟಿದ್ದವು. ಲೋಟದಲ್ಲಿ ಒಂದು ಹನಿಯೂ ಉಳಿಸದೆ ಕುಡಿದೆ.